ಅತ್ತೆಯ ಪಾಲಿನ ತಲೆನೋವು

ಗದಗಿನ ಅಕ್ಯುಪಂಕ್ಚರ್ ದವಾಖಾನೆಯಲ್ಲಿ ಕುರ್ಚಿಗಳೆಲ್ಲ ಜೋಡಿ. ಇಲ್ಲಿನ ಸೂಜಿ ತಲೆನೋವನ್ನು ಪೂರ್ತಿ ಕಳೆಯುವುದಿಲ್ಲ. ಅರ್ಧವನ್ನು ಪಕ್ಕದಲ್ಲಿ ಕುಳಿತ ಮನೆಯವರಿಗೆ ದಾಟಿಸುತ್ತದೆ, ಸಂಜೆಯವರೆಗೆ. ಸುಮಂಗಲಾಳ ಪಕ್ಕ ಯಾವಾಗಲೂ ಗಂಡ ಕೂರುತ್ತಿದ್ದ. ಇವತ್ತು ಅವನಿಗೆ ರಜೆ ಸಿಗದೆ ಅತ್ತೆ ನೀಲವ್ವ ಬಂದಿದ್ದಳು.

“ನಮ್ಮ ಕಾಲದಾಗ ಹಣಿಗೆ ಸುಂಠಿ ಹಚ್ಕೊಂಡು ರೊಟ್ಟಿ ಬಡೀತಿದ್ವಿ. ಇಕಿದು ಬರೇ ನಾಟಕ” ಎಂದು ವೈದ್ಯರಿಗೆ ಹೇಳುತ್ತಲೇ ಕೈ ಚಾಚಿದಳು. ವೈದ್ಯರು ಇಬ್ಬರ ಕೈಗೂ ಸೂಜಿ ಚುಚ್ಚಿದರು. ನೀಲವ್ವ ಇನ್ನೊಂದು ಕೈಯಿಂದ ಹಣೆ ಹಿಡಿದುಕೊಂಡಳು.

ಹೊರಗೆ ಬಿಸಿಲಿಗೆ ಬಂದಾಗ ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಸೊಸೆಯ ತೋಳು ಹಿಡಿದೇ ನಡೆದಳು.

“ಭಾಳ ನೋಯಾಕತ್ತೈತೇನ್ರಿ ಅತ್ತಿ?”

“ನನಗೇನಾಗೇತಿ.”

ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನು ಪಕ್ಕಕ್ಕೇ ಬಂದು ಕೂಗತೊಡಗಿದ. ನೀಲವ್ವ ಅವನನ್ನು ಹತ್ತಿರ ಕರೆದಳು.

“ಸ್ವಲ್ಪ ಸಣ್ಣಗ ಕೂಗಪಾ. ನನ್ನ ಸೊಸಿಗೆ ತಲಿನೋವೈತಿ.”