ಮೆಂಡನ್ ಎಂದು ಕರೆದಾಗ

ಕುವೈತಿನ ಜಾಬ್ರಿಯಾದ ಹೆರಿಗೆ ಆಸ್ಪತ್ರೆಯ ಕಿಟಕಿಯಲ್ಲಿ ‘ಮೆಂಡನ್’ ಎಂದು ಕೂಗಿದಾಗ ಇಬ್ಬರು ಎದ್ದು ನಿಂತರು. ಒಬ್ಬ ಮಲ್ಪೆಯ ಸುಂದರ ಮೆಂಡನ್, ಫರ್ವಾನಿಯಾದ ಹೋಟೆಲೊಂದರ ಸ್ಟೋರ್ ಕೀಪರ್. ಇನ್ನೊಬ್ಬರು ಎಪ್ಪತ್ತು ದಾಟಿದ, ಬಿಳಿ ಹುಬ್ಬಿನ ಇಂಗ್ಲಿಷ್ ಮುದುಕರು. ಸುಂದರ ಅವರನ್ನು ನೋಡಿ, ಅವರ ಹಿಂದೆ ಇನ್ಯಾರಾದರೂ ಊರಿನವರಿದ್ದಾರೆಯೇ ಎಂದು ಇಣುಕಿದ. ಯಾರೂ ಇರಲಿಲ್ಲ.

ಕಿಟಕಿಯೊಳಗೆ ಕೂತಿದ್ದ ವೆಲಿಟಾ ಸುಂದರನ ಊರ ಕಡೆಯ ಶಿರ್ವದ ಹೆಣ್ಣುಮಗಳು. ಅವಳೂ ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟು ತಬ್ಬಿಬ್ಬಾದಳು. ಅರಬ್ಬಿಯಲ್ಲೂ ಅದೇ ಹೆಸರು, ಇಂಗ್ಲಿಷಿನಲ್ಲೂ ಅದೇ. ಇಬ್ಬರಿಗೂ ಜನನ ನೋಂದಣಿಯ ಖಾಲಿ ಫಾರಂ ಕೊಟ್ಟು, ಮಗುವಿನ ಪೂರ್ತಿ ಹೆಸರು ಬರೆದು ತರುವಂತೆ ಹೇಳಿ ಕೂರಿಸಿದಳು.

ಮುದುಕರ ಹೆಸರು ಎಡ್ವರ್ಡ್. ಮಗಳು ಇಲ್ಲಿಯ ಶಾಲೆಯೊಂದರಲ್ಲಿ ಟೀಚರು; ಮದುವೆಯಾದ ಮೇಲೂ ಕಾಗದದಲ್ಲಿ ಮೆಂಡನ್ ಎಂದೇ ಇದ್ದಳು. ಅವಳ ಹೆರಿಗೆಗೆಂದು ಬಂದವರು. ಅಳಿಯ ಕೆಲಸಕ್ಕೆ ಹೋದದ್ದರಿಂದ ಫಾರಂ ತರಲು ಇವರು ಕೆಳಗಿಳಿದಿದ್ದರು. ಸುಂದರನ ಕೈ ಹಿಡಿದವರು ಬಿಡಲೇ ಇಲ್ಲ. ಮೂವತ್ತು ವರ್ಷದಿಂದ ಅವರು ತಮ್ಮ ಕುಲನಾಮದ ಬೆನ್ನು ಹತ್ತಿದ್ದರಂತೆ. ಹಳೆಯ ಇಂಗ್ಲಿಷಿನಲ್ಲಿ ‘ಡನ್’ ಎಂದರೆ ಗುಡ್ಡ. ಮುಂದಿನ ‘ಮೆನ್’ ಏನೆಂದು ಯಾರಿಗೂ ಖಚಿತವಿಲ್ಲ. ಅಜ್ಜನ ಕಾಲದ ಜನಗಣತಿಯಲ್ಲಿ ಆ ಹೆಸರಿನವರು ನೂರಕ್ಕೂ ಹೆಚ್ಚಿದ್ದರು, ಈಗ ಇಡೀ ದೇಶದಲ್ಲಿ ಹದಿನೇಳೇ ಮಂದಿ. ಆದರೆ ಕುವೈತಿನಲ್ಲಿ ಮಾತ್ರ ಇನ್ನೂರು ಮೆಂಡನ್‌ಗಳಿದ್ದಾರೆಂದು ಯಾವುದೋ ವೆಬ್‌ಸೈಟ್ ತೋರಿಸುತ್ತಿತ್ತು. ಗುಡ್ಡದ ಜನ ಈ ಮರಳಿಗೆ ಯಾವಾಗ ಬಂದರೆಂದು ಅವರು ತಲೆ ಕೆಡಿಸಿಕೊಂಡಿದ್ದರು.

“ನಿಮ್ಮ ತಂದೆ ಮೆಂಡನ್ ಎಲ್ಲಿಯವರು?” ಎಂದು ಕೇಳಿ ಅವರು ಟಿಪ್ಪಣಿ ಪುಸ್ತಕ ತೆರೆದರು.

ತನ್ನ ತಂದೆ ಮೆಂಡನ್ ಅಲ್ಲ, ಸುವರ್ಣ ಎಂದ ಸುಂದರ. ಎಡ್ವರ್ಡರ ಪೆನ್ನು ನಿಂತಿತು. ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಸುಂದರ ವಿವರಿಸಿದ: ಇದು ಗುಡ್ಡದ ಹೆಸರಲ್ಲ, ಬಳಿಯ, ಅಂದರೆ ಕುಲದ ಹೆಸರು, ಕಡಲಕರೆಯ ತಮ್ಮ ಮೊಗವೀರರಲ್ಲಿ ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಾಯಿ ಮೆಂಡನ್ ಆದ್ದರಿಂದ ತಾನೂ ಮೆಂಡನ್.

“ಹಾಗಾದರೆ ಮೇಲೆ ಮಲಗಿರುವ ನಿಮ್ಮ ಮಗಳು?”

ಸುಂದರ ಕೈಯಲ್ಲಿದ್ದ ಖಾಲಿ ಫಾರಂ ನೋಡಿದ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗಳಿಗೆ ಅನ್ವಿತಾ ಮೆಂಡನ್ ಎಂದು ಬರೆಸುವುದೆಂದು ಅವನು ಯಾವತ್ತೋ ತೀರ್ಮಾನಿಸಿದ್ದ. ಈಗ ಎಲ್ಲರೂ ಅಪ್ಪನ ಹೆಸರನ್ನೇ ಹಾಕುತ್ತಾರೆ; ಅಪ್ಪನ ಹೆಸರಿಗೆ ಹೊಂದಿದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಮಾಡಿಸುವಾಗ ರಗಳೆಯಿಲ್ಲ ಎಂದು ಆಫೀಸಿನವರೂ ಹೇಳಿದ್ದರು. ಆದರೆ ಬಳಿಯ ಲೆಕ್ಕದಂತೆ ಮಗು ಹೆಂಡತಿ ಆಶಾಲತಾಳ ಬಳಿಯದು, ತಿಂಗಳಾಯ. ಆಶಾಲತಾ ಒಬ್ಬಳೇ ಮಗಳು. ಮೊನ್ನೆ ಫೋನಿನಲ್ಲಿ ಅತ್ತೆ ‘ಹೆಣ್ಣು ಹುಟ್ಟಿತಲ್ಲ, ನಮ್ಮ ಬಳಿ ಉಳಿಯಿತು’ ಎಂದಿದ್ದರು. ಅವನು ನಕ್ಕಿದ್ದ. ಆಶಾಲತಾ ನಕ್ಕಿರಲಿಲ್ಲ ಎಂಬುದು ಈಗ ಹೊಳೆಯಿತು.

ಬಳಿಯಂತೆ ಮಗಳು ತನ್ನವಳಲ್ಲ, ಕಾಗದದಲ್ಲಿ ಮಾಡಿದರೆ ತನ್ನವಳು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಹೇಳಹೋದರೆ ತನ್ನ ಕಿವಿಗೇ ಸರಿ ಕೇಳುತ್ತಿರಲಿಲ್ಲ. ಎಡ್ವರ್ಡ್ ಮಾತ್ರ ಅರ್ಥವಾದವರಂತೆ ಪುಸ್ತಕ ಮುಚ್ಚಿದರು. ತಮಗೂ ಇರುವುದು ಒಬ್ಬಳೇ ಮಗಳು, ಹಾಗಾಗಿ ತಮ್ಮ ಮನೆಯ ಹೆಸರು ತಮ್ಮೊಂದಿಗೇ ಮುಗಿಯಿತು ಎಂದರು. ಆಮೇಲೆ, “ನಿಮ್ಮ ಊರಿನ ಕಾನೂನು ನಮ್ಮಲ್ಲಿರಬೇಕಿತ್ತು,” ಎಂದು ಮೆಲ್ಲನೆ ಸೇರಿಸಿದರು.

ಸುಂದರ ಖಾಲಿ ಫಾರಂ ಹಿಡಿದು ಕಿಟಕಿಗೆ ಹೋದ. ಅಪ್ಪನ ಹೆಸರು ಒಂದು, ಮಗುವಿನದ್ದು ಇನ್ನೊಂದು ಇದ್ದರೆ ನಡೆಯುತ್ತದೆಯೇ ಎಂದು ಕೇಳಿದ. ಬೆನ್ನಿಗೇ ಬಂದ ಎಡ್ವರ್ಡರೂ ಅದನ್ನೇ ಕೇಳಿದರು. ಅದು ಅವರವರ ರಾಯಭಾರ ಕಚೇರಿಗೆ ಬಿಟ್ಟದ್ದು ಎಂದ ವೆಲಿಟಾ, ಸುಂದರನ ಕಡೆ ತಿರುಗಿ ಊರಿನ ಮಾತಿನಲ್ಲಿ, “ಅಣ್ಣ, ಆಗ್ಲಿಂದ ನೀವಿಬ್ರೇ ಮಾತಾಡ್ತಾ ಇದ್ದೀರಲ್ಲ. ಹೆತ್ತ ಹೆಂಗಸರತ್ರ ಕೇಳಿದ್ದೀರಾ?” ಎಂದಳು.

ಕೇಳಿರಲಿಲ್ಲ. ಅವಳು ಹೇಳಿದ್ದನ್ನು ಸುಂದರ ಎಡ್ವರ್ಡರಿಗೆ ಹೇಳಿದ. ಇಬ್ಬರೂ ಒಟ್ಟಿಗೆ ಮೂರನೆಯ ಮಹಡಿಗೆ ಹೋದರು. ಕೋಣೆಗಳೂ ಅಕ್ಕಪಕ್ಕವೇ ಇದ್ದವು.

ಆಶಾಲತಾ ಮಗುವಿಗೆ ಹಾಲೂಡಿಸುತ್ತಿದ್ದಳು. ಅವನು ಫಾರಂ ಮುಂದೆ ಹಿಡಿದು, “ಆಶಾ, ಇವಳಿಗೆ ಯಾವ ಹೆಸರು ಹಾಕುವಾ?” ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಇದರಲ್ಲೇನಾದರೂ ತಮಾಷೆ ಇದೆಯೋ ಎಂದು ಹುಡುಕಿದಂತಿತ್ತು.

“ನೀವು ಕೇಳುವುದಿಲ್ಲ ಅಂತ ನಾನು ಸುಮ್ಮನಿದ್ದೆ. ತಿಂಗಳಾಯ ಅಂತ ಬರೀರಿ. ಇಕಾಮಾದ ಓಡಾಟ ಬಂದರೆ ನಾನೇ ಓಡಾಡ್ತೇನೆ.”

ಸುಂದರ ಬರೆದ. ಬರೆದ ಮೇಲೆ ಎದೆ ಹಗುರಾಯಿತೋ ಖಾಲಿಯಾಯಿತೋ ಅವನಿಗೆ ತಿಳಿಯಲಿಲ್ಲ. ಎಡ್ವರ್ಡರಿಗೆ ಹೇಳೋಣವೆಂದು ಹೊರಬಂದರೆ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮುದುಕರು ಮಂಚದ ಬಳಿ ಫಾರಂ ಹಿಡಿದು ನಿಂತಿದ್ದರು. ಮಗುವಿಗೆ ಮೆಂಡನ್ ಎಂದು ಹಾಕಬಹುದೇ ಎಂದು ಕೇಳಿ ಆಗಿತ್ತು. ಮಗಳು ಮಗುವಿನಿಂದ ಕಣ್ಣೆತ್ತದೆ ಕೇಳಿದಳು:

“ನಿಮ್ಮ ಆ ಹದಿನೇಳು ಮಂದಿಯಲ್ಲಿ ನಾನು ಇದ್ದೇನಾ, ಅಪ್ಪ?”