ಮಂಗಳನ ಇನ್ನೂರ ಹದಿನಾಲ್ಕು ಬಂಡೆಗಳು

ಕಂಪ್ಯೂಟರ್ ಮತ್ತೆ ಸೊನ್ನೆ ಎಂದಿತು.

ತಿಲಿಲಾ ತಲೆಯ ಮೇಲೆ ಕೈಹೊತ್ತು ಕೂತಳು. ಮಂಗಳನನ್ನು ಸುತ್ತುವ ನೌಕೆ ಕಳಿಸಿದ ಚಿತ್ರಗಳಲ್ಲಿ ಬಂಡೆಗಳನ್ನು ತಾನಾಗಿಯೇ ಗುರುತಿಸುವ ಪ್ರೋಗ್ರಾಮು ಅದು, ಅವಳ ಮೂರು ವರ್ಷದ ದುಡಿಮೆ. ಈಗ ಅದು ಸೊನ್ನೆ ಎಂದ ಚಿತ್ರದಲ್ಲೇ ಅವಳ ಗುರು ಉಸ್ತಾದ್ ಬರ್ರಾದಾ ಎರಡು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಇನ್ನೂರ ಹದಿನಾಲ್ಕು ಬಂಡೆ ಎಣಿಸಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರು ಗಂಟೆಗೆ ರಾಜಧಾನಿ ರಬಾತಿನಿಂದ ಅಧಿಕಾರಿ ಲಲ್ಲಾ ಬಹೀಜಾ ಬರುವವರಿದ್ದರು. ಲೆಕ್ಕ ತಾಳೆಯಾಗದಿದ್ದರೆ ಪ್ರೋಗ್ರಾಮಿಗೆ ಇವತ್ತೇ ಮಂಗಳ ಹಾಡುತ್ತಾರೆ.

ಉಸ್ತಾದರ ವರದಿಯನ್ನು ಅವಳು ಇನ್ನೊಮ್ಮೆ ತಿರುವಿದಳು. ಚಿತ್ರದ ಮೂಲೆಯಲ್ಲಿ ಅಚ್ಚಾದ ಸಂಖ್ಯೆಯನ್ನು ಅವರು 99 ಎಂದು ಬರೆದಿದ್ದರು. ವಯಸ್ಸಾಯಿತು, ಮರೆವು. ಸದ್ದಿಲ್ಲದೆ 66 ಎಂದು ತಿದ್ದಿದಳು.

"ಪಾಠ ಒಪ್ಪಿಸು ಮಗಳೇ," ಎಂದರು ಉಸ್ತಾದರು, ಪುದೀನ ಚಹಾ ಹೀರುತ್ತ.

"ಚಿತ್ರದಲ್ಲಿ ಬಿಸಿಲು ಮೇಲಿಂದ ಬೀಳುತ್ತೆ. ನೆರಳು ಕೆಳಗಿದ್ರೆ ಬಂಡೆ, ಮೇಲಿದ್ರೆ ಗುಂಡಿ."

"ಮತ್ತೆ ನಿನ್ನ ಪ್ರೋಗ್ರಾಮಿಗೆ ಇಷ್ಟೂ ಗೊತ್ತಾಗಲ್ವಾ?"

"ಉಸ್ತಾದರೇ, ನನಗೂ ಗುಂಡಿ ಥರಾನೇ ಕಾಣ್ತಾವೆ."

"ಅದರ ಜೊತೆ ಕೂತು ಕೂತು ನಿನ್ನ ಕಣ್ಣೂ ಕೆಟ್ಟಿದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ತಿಲಿಲಾಗೆ ಅಳು ಬಂತು. ಮೇಲೆ ಚಹಾ ಚೆಲ್ಲದಿರಲೆಂದು ಚಿತ್ರವನ್ನು ಅವಳೇ ಮೇಜಿನ ಗಾಜಿನಡಿ ಹರಡಿದ್ದಳು. ಉಸ್ತಾದರು ಅವಳ ಎದುರು ಕೂತು ಗಾಜಿನ ಮೇಲೆ ಹಸಿರು ಸುತ್ತು ಹಾಕುತ್ತ ಹೋಗಿದ್ದರು. ಮರಾಕೆಶಿನ ಆ ಕೋಣೆಗೆ ಒಂದೇ ಫ್ಯಾನು. ಅದರ ಕೆಳಗಿನ ಕುರ್ಚಿ ಹನ್ನೊಂದು ವರ್ಷದಿಂದ ಉಸ್ತಾದರದ್ದು.

ಲಲ್ಲಾ ಬಹೀಜಾ ಬೆವರೊರೆಸಿಕೊಳ್ಳುತ್ತ ಬಂದರು. ಬಂದವರಿಗೆ ಒಳ್ಳೆಯ ಜಾಗ ಬಿಟ್ಟುಕೊಡದಿದ್ದರೆ ಮರ್ಯಾದೆಯೇ? ಉಸ್ತಾದರು ಎದ್ದು ಫ್ಯಾನಿನಡಿಯ ಕುರ್ಚಿ ಕೊಟ್ಟು, ತಿಲಿಲಾಳ ಪಕ್ಕಕ್ಕೆ ಬಂದು ನಿಂತರು.

ಲಲ್ಲಾ ಗಾಜಿನ ಮೇಲೆ ಬಗ್ಗಿದರು. "ಅಯ್ಯೋ, ರಾಶಿ ರಾಶಿ ಬಂಡೆ ಬಿದ್ದಿದೆಯಲ್ಲಮ್ಮಾ. ನಿನ್ನ ಪ್ರೋಗ್ರಾಮಿಗೇನು ಕುರುಡಾ?" ಪೆನ್ನಿನ ಮುಚ್ಚಳ ತೆಗೆದರು. "ಒಂದೆರಡು ಬೆರಳಿಟ್ಟು ತೋರಿಸಿ ಉಸ್ತಾದರೇ, ಬರೆದು ಮುಗಿಸಿಬಿಡ್ತೀನಿ."

ಉಸ್ತಾದರ ಬೆರಳು ಒಂದು ಹಸಿರು ಸುತ್ತಿನ ಮೇಲೆ ನಿಂತಿತು. ಇನ್ನೊಂದಕ್ಕೆ ಹೋಯಿತು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು. ಚಹಾದ ಲೋಟ ನಿಧಾನವಾಗಿ ಕೆಳಗಿಟ್ಟರು.

"ಪೆನ್ನು ಮುಚ್ಚಿ ಈ ಕಡೆ ಬನ್ನಿ ಲಲ್ಲಾ," ಎಂದರು ಮೆಲ್ಲಗೆ. "ಇದು ತೊಂಬತ್ತೊಂಬತ್ತಲ್ಲ, ಅರವತ್ತಾರು, ಇರೋದೆಲ್ಲ ಗುಂಡಿ, ಎರಡು ತಿಂಗಳು ತಲೆಕೆಳಗಾಗಿ ನೋಡಿದೋನು ನಾನು."