ಒಂದಾದ ಮೇಲೆ ಒಂದು

“ಮೊದಲು ಇದನ್ನ ಬಿಚ್ಚಮ್ಮ. ನಮ್ಮಮ್ಮಂದು.”

ಹಿರಿಯ ಟೆಕ್ನಿಷಿಯನ್ ಪುಟ್ಟ ಬಾಟಲಿಯೊಂದನ್ನು ಕಿರಿಯ ಟೆಕ್ನಿಷಿಯನ್ ಹುಡುಗಿಯ ಮುಂದೆ ಚಾಚಿದ. ರೋಗಿಗಳ ಮೈಯಿಂದ ತೆಗೆದ ಚೂರುಗಳು ಸೂಕ್ಷ್ಮದರ್ಶಕದಡಿ ಹೋಗುವ ಮುಂಚೆ ಬರುವುದು ಈ ಕೋಣೆಗೇ. ಅವನ ತಾಯಿಯ ಶ್ವಾಸಕೋಶದಿಂದ ಬೆಳಿಗ್ಗೆ ಸಿಕ್ಕಿದ್ದು ಒಂದೇ ಒಂದು ಚೂರು. ಮತ್ತೊಮ್ಮೆ ಗಂಟಲಲ್ಲಿ ನಳಿಗೆ ಇಳಿಸಿದರೆ ಮುದುಕಿ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೆತ್ತವಳದ್ದನ್ನು ತಾನೇ ಮುಟ್ಟುವ ಧೈರ್ಯ ಅವನಿಗಿರಲಿಲ್ಲ.

ಅವಳು ತಲೆ ಎತ್ತಲಿಲ್ಲ. ಎದುರಿಗೆ ಬೇರೆ ಯಾರದೋ ಬಾಟಲಿ ಬಾಯಿ ತೆರೆದು ನಿಂತಿತ್ತು.

“ಇದು ಮುಗೀಲಿ ಅಣ್ಣ.”

“ಎರಡೂ ಒಟ್ಟಿಗೆ ಬಿಚ್ಚಿಟ್ಕೊಂಡ್ರೆ ಆಕಾಶ ಕಳಚಿ ಬೀಳುತ್ತಾ? ನಾನು ನಾಲ್ಕು ನಾಲ್ಕು ಬಿಚ್ಚಿಡ್ತೀನಿ.”

“ನೋಡಿದ್ದೀನಿ.”

“ಭೇಷ್! ಕೆಲಸ ಕಲಿಸಿದವನನ್ನೇ ಸಾಲಲ್ಲಿ ನಿಲ್ಲಿಸ್ತೀಯ.”

ಅವಳ ಕಿವಿ ಕೆಂಪಾಯಿತು. ಕೈ ಮಾತ್ರ ಅವಸರಪಡಲಿಲ್ಲ. ಮೊದಲಿನ ಬಾಟಲಿ ಮುಗಿಸಿ, ಮುಚ್ಚಿ, ಕಪಾಟಿಗೆ ಸೇರಿಸಿದಳು. ಚಿಮಟ ತೊಳೆದಳು, ಗ್ಲೌಸ್ ಬದಲಿಸಿದಳು, ಮೇಜಿನ ಮೇಲಿದ್ದ ಹಾಳೆ ಎಸೆದು ಹೊಸದು ಹಾಸಿದಳು. ಅವನು ಹಲ್ಲು ಕಚ್ಚಿಕೊಂಡು ನಿಂತಿದ್ದ.

ಆಮೇಲೆ ಅವನ ಬಾಟಲಿ ಬಿಚ್ಚಿ, ಒಳಗಿನ ದ್ರಾವಣವನ್ನು ತೆಳುಬಟ್ಟೆಯಲ್ಲಿ ಸೋಸಿದಳು. ಏನೂ ಇಲ್ಲ. ಮುಚ್ಚಳದ ಒಳಗೆ ನೋಡಿದಳು. ಇಲ್ಲ. ಬಾಟಲಿಯನ್ನು ದೀಪಕ್ಕೆ ಹಿಡಿದಳು. ಅಲ್ಲೂ ಇಲ್ಲ.

“ಹೋಯ್ತಾ?” ಅವನ ದನಿ ಉಡುಗಿತು. ಮೇಜಿಗೆ ಕೈಯೂರಲು ಬಗ್ಗಿದ.

“ಮುಟ್ಬೇಡಿ! ಅಲ್ಲೇ ನಿಂತ್ಕೊಳ್ಳಿ.”

ಅವನೆದುರು ಅವಳು ದನಿ ಎತ್ತಿದ್ದು ಅದೇ ಮೊದಲು. ಅವನು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತುಬಿಟ್ಟ.

ದೀಪವನ್ನು ಮೇಜಿನ ಹತ್ತಿರಕ್ಕೆ ಬಗ್ಗಿಸಿ, ಹಾಳೆಯ ಒಂದಂಚಿನಿಂದ ಇನ್ನೊಂದಂಚಿಗೆ ನಿಧಾನವಾಗಿ ಕಣ್ಣಾಡಿಸಿದಳು. ಬಿಚ್ಚುವಾಗ ಮುಚ್ಚಳದಿಂದ ಒಂದು ಹನಿ ಉದುರಿತ್ತು. ಆ ಒದ್ದೆ ಕಲೆಯ ನಡುವೆ, ನುಚ್ಚಿಗಿಂತ ಚಿಕ್ಕದಾಗಿ, ಬೂದುಬಣ್ಣದ್ದೇನೋ ಅಂಟಿಕೊಂಡಿತ್ತು. ಚಿಮಟದ ತುದಿಯಲ್ಲಿ ಅದನ್ನೆತ್ತಿ, ತೆಳು ಕಾಗದದಲ್ಲಿ ಮಡಚಿ, ನಂಬರು ಬರೆದ ಡಬ್ಬಿಯೊಳಗಿಟ್ಟು ಕಟಕ್ಕನೆ ಮುಚ್ಚಿದಳು.

ಅವನಿಗೆ ಹೋದ ಉಸಿರು ಬಂತು. ಬೆನ್ನಿಗೇ, ಇಷ್ಟು ವರ್ಷ ಇದೇ ಕೆಲಸ ಮಾಡಿದವನ ಅನುಮಾನವೂ ಬಂತು.

“ಅದು ನಮ್ಮಮ್ಮಂದೇ ಅಂತ... ಹೇಗೆ ಹೇಳ್ತೀಯ?”

ಅವಳು ಬಿಳಿ ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು.

“ಇಲ್ಲಿ ಅವರೊಬ್ಬರೇ ಇದ್ದಿದ್ದು, ಅಣ್ಣ.”